ಕೆಜಿಎಫ್ ಹುಡುಗರಿಗೆ ಏನಾದರೂ ಮಾಡಬೇಕು ಅಂತಿದ್ದರೆ

ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿ ಊರಿನ ಯುವಕರಿಗೆ ಸಹಾಯ ಮಾಡಬೇಕು ಅಂತಿದೆ, ಬೆಂಗಳೂರಿನಿಂದ ಒಂದು ಭಾನುವಾರ ಬಂದು ತರಬೇತಿ ಕೊಡಬಹುದಾ ಅಂತ ಕೇಳಿದ್ದೀರಿ. ಬನ್ನಿ, ಬೇಡ ಅನ್ನಲ್ಲ. ಆದರೆ ಬರುವ ಮುಂಚೆ ಇಲ್ಲಿ ದಿನ ಹೇಗೆ ಕಳೆಯುತ್ತೆ ಅನ್ನೋದು ಸ್ವಲ್ಪ ಗೊತ್ತಿರಲಿ. ಇಲ್ಲದಿದ್ದರೆ ನಿಮ್ಮ ಭಾನುವಾರವೂ ಹಾಳು, ಹುಡುಗರದ್ದೂ ಹಾಳು.

ಮೊದಲು ಸಿನಿಮಾ ಮರೆತುಬಿಡಿ. ಸೈನೈಡ್ ದಿಬ್ಬದ (ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡೆ) ಮುಂದೆ ಫೋಟೋ ತೆಗೆಸಿಕೊಂಡು ಹೋಗುವವರು ಬೇಕಾದಷ್ಟಿದ್ದಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂತು, 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅದೆಲ್ಲ ನಿಮಗೆ ಗೊತ್ತಿರಬಹುದು. ಹುಡುಗರ ಮಟ್ಟಿಗೆ ಮುಖ್ಯವಾದ ತಾರೀಕು ಒಂದೇ. 2001ರ ಫೆಬ್ರವರಿ 28. ಅವತ್ತು ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು.

ಅವತ್ತು ಹೋಗಿದ್ದು ಬರೀ ಸಂಬಳ ಅಲ್ಲ. ಮನೆ ಕಂಪನಿದು, ನೀರು ಕಂಪನಿದು, ಆಸ್ಪತ್ರೆ ಕಂಪನಿದು, ಆಟದ ಮೈದಾನ ಕೂಡ ಕಂಪನಿದೇ. ಅಪ್ಪ ಗಣಿಯಲ್ಲಿದ್ದರೆ ಮಗನಿಗೆ ಮುಂದೇನು ಅನ್ನೋ ಚಿಂತೆ ಅಷ್ಟಾಗಿ ಇರಲಿಲ್ಲ. ಫಿಟ್ಟರ್ ಮನೆಯ ಹುಡುಗನಿಗೆ ಸ್ಪ್ಯಾನರ್ ಹಿಡಿಯೋದು ಹೇಳಿಕೊಡುವವರು ಲೈನ್‌ಮನೆಯ (ಕಾರ್ಮಿಕರ ಸಾಲುಮನೆ) ಪಕ್ಕದಲ್ಲೇ ಇರುತ್ತಿದ್ದರು. ಈಗ ಕೆಲಸ ಹುಡುಕುತ್ತಿರುವವರಲ್ಲಿ ಹೆಚ್ಚಿನವರು ಗಣಿ ಮುಚ್ಚುವ ಹೊತ್ತಿಗೆ ಕೈಗೂಸು, ಅಥವಾ ಹುಟ್ಟೇ ಇರಲಿಲ್ಲ. ಪಾಳಿ ಬದಲಾಗುವಾಗ ಕೂಗುತ್ತಿದ್ದ ಸಂಗು, ಅಂದರೆ ಗಣಿ ಸೈರನ್, ಅವರು ಕೇಳೇ ಇಲ್ಲ. ಆದರೆ ಮನೆಯಲ್ಲಿ ಗಣಿ ಮತ್ತೆ ತೆರೀತಾರೆ ಅನ್ನೋ ಮಾತು ಮಾತ್ರ ಹುಟ್ಟಿದಾಗಿನಿಂದ ಕೇಳುತ್ತಿದ್ದಾರೆ. 2024ರಲ್ಲಿ ದಿಬ್ಬಗಳ ಮಣ್ಣಿನಿಂದ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಾಗಲೂ ಅದೇ ಮಾತು. ಇಂಥ ಸುದ್ದಿ ಬಂದಾಗೆಲ್ಲ ಯಾವುದಾದರೂ ಮನೆಯಲ್ಲಿ ಒಬ್ಬ ಹುಡುಗ ಐಟಿಐ ಸೇರೋದನ್ನ ಮುಂದಿನ ವರ್ಷಕ್ಕೆ ಹಾಕ್ತಾನೆ. ನನಗಂತೂ ಇದು ನೋಡಿದರೆ ಕೋಪ ಬರುತ್ತೆ. ಹುಡುಗರ ಮೇಲಲ್ಲ.

ಈಗ ರೈಲಿನ ವಿಷಯ. ಬೆಂಗಳೂರು ಸುಮಾರು 100 ಕಿಲೋಮೀಟರ್. ಮಾರಿಕುಪ್ಪಂನಿಂದ ಬೆಳಕು ಹರಿಯುವ ಮುಂಚೆಯೇ ರೈಲು ಹೊರಡುತ್ತೆ. ಚಾಂಪಿಯನ್, ಊರಿಗಾಂ, ಕೋರಮಂಡಲ್, ಒಂದೊಂದು ಸ್ಟೇಷನ್‌ನಲ್ಲೂ ಜನ ತುಂಬಿಕೊಂಡು ಬಂಗಾರಪೇಟೆ ದಾಟುವ ಹೊತ್ತಿಗೆ ಕಾಲಿಡಲು ಜಾಗ ಇರಲ್ಲ. ಹೌಸ್‌ಕೀಪಿಂಗ್, ಸೆಕ್ಯೂರಿಟಿ, ಶೋರೂಂ, ಗೋಡೌನ್, ಕಂಪ್ಯೂಟರ್ ಕೆಲಸ, ಎಲ್ಲರೂ ಒಂದೇ ಬೋಗಿಯಲ್ಲಿ. ಹೋಗಿ ಬರೋದಕ್ಕೇ ನಾಲ್ಕೈದು ಗಂಟೆ. ರಾತ್ರಿ ಊಟದ ಡಬ್ಬಿ ಹಿಡಿದು ಇಳಿದ ಹುಡುಗ ಮನೆ ಸೇರಿ ಸ್ನಾನ ಮಾಡಿ ಮಲಗುವಷ್ಟರಲ್ಲಿ ಮತ್ತೆ ಏಳೋ ಹೊತ್ತು ಹತ್ತಿರ. ಅಂಥವನಿಗೆ ಸಂಜೆ ಆರಕ್ಕೆ ಕ್ಲಾಸು ಇಟ್ಟು, ಯಾರೂ ಬರಲಿಲ್ಲ, ಇವರಿಗೆ ಆಸಕ್ತಿ ಇಲ್ಲ ಅಂತ ವರದಿ ಬರೆದವರನ್ನ ನೋಡಿದ್ದೀನಿ.

ಹುಡುಗಿಯರ ಕಥೆ ಸ್ವಲ್ಪ ಬೇರೆ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳು ಬಂದ ಮೇಲೆ ಕಂಪನಿ ಬಸ್ಸು ಹತ್ತುವವರು ಜಾಸ್ತಿ ಆದರು. ಸಂಬಳ ನೇರ ಅವರ ಖಾತೆಗೆ ಬೀಳುತ್ತೆ, ಅದೊಂದು ಒಳ್ಳೇದಾಯ್ತು. ಆದರೆ ಹೆಚ್ಚಿನದು ಕಾಂಟ್ರ್ಯಾಕ್ಟ್ ಕೆಲಸ. ಬಿಟ್ಟ ಮೇಲೆ ಕೈಯಲ್ಲಿ ಒಂದು ಅನುಭವ ಪತ್ರ ಕೂಡ ಇರಲ್ಲ. ಪಿಎಫ್ ನಂಬರ್ ಏನು, ಹಣ ಹೇಗೆ ತೆಗೀಬೇಕು, ಇಷ್ಟು ಹೇಳಿಕೊಡುವವರಿದ್ದರೂ ಸಾಕು.

ಇನ್ನು ಭಾಷೆ. ನಮ್ಮದು ಗಡಿ. ಆ ಕಡೆ ಆಂಧ್ರ, ಈ ಕಡೆ ತಮಿಳುನಾಡು. ಲೈನ್‌ಮನೆಗಳಲ್ಲಿ ತಮಿಳು, ಸುತ್ತಲ ಹಳ್ಳಿಗಳಲ್ಲಿ ತೆಲುಗು, ರಾಬರ್ಟ್‌ಸನ್‌ಪೇಟೆ ಅಂಗಡಿ ಬೀದಿಗೆ ಬಂದರೆ ಉರ್ದುವೂ ಸೇರಿಕೊಳ್ಳುತ್ತೆ. ನಮ್ಮ ಹುಡುಗರು ಮೂರು ನಾಲ್ಕು ಭಾಷೆಯಲ್ಲಿ ಜಗಳ ಆಡ್ತಾರೆ, ಆದರೆ ಒಂದರಲ್ಲೂ ಧೈರ್ಯವಾಗಿ ಒಂದು ಅರ್ಜಿ ಬರೆಯಲ್ಲ. ಕೆಪಿಎಸ್‌ಸಿಯಲ್ಲಿ ಕಡ್ಡಾಯ ಕನ್ನಡ ಪತ್ರಿಕೆ ಇದೆ ಅಂದ ಕೂಡಲೇ ಅರ್ಧ ಜನ ಆ ಕಡೆ ತಿರುಗಿಯೂ ನೋಡಲ್ಲ. ದಯವಿಟ್ಟು ಇಲ್ಲಿ ಬಂದು ಕನ್ನಡ ಅಭಿಮಾನದ ಭಾಷಣ ಮಾಡಬೇಡಿ. ಮನೆಯಲ್ಲಿ ತಮಿಳು ಆಡುವ ಹುಡುಗನಿಗೆ ಪತ್ರ ಬರೆಯೋದು, ಒಂದು ಪ್ಯಾರಾ ಓದಿ ಸಾರಾಂಶ ಬರೆಯೋದು ತಾಳ್ಮೆಯಿಂದ ಕಲಿಸಿ, ಆರು ತಿಂಗಳಲ್ಲಿ ಬರೀತಾನೆ. ಹಾಗೇ ರೈಲ್ವೆ ಪರೀಕ್ಷೆಯನ್ನ ಕನ್ನಡ, ತಮಿಳು, ತೆಲುಗು, ಉರ್ದು ಯಾವುದರಲ್ಲಾದರೂ ಬರೆಯಬಹುದು. ದಿನಾ ರೈಲಲ್ಲೇ ಓಡಾಡುವ ಎಷ್ಟೋ ಹುಡುಗರಿಗೆ ಇದು ಗೊತ್ತೇ ಇಲ್ಲ, ನೋಡಿ.

ಎಲ್ಲಕ್ಕಿಂತ ಹೆಚ್ಚು ಹುಡುಗರು ಸೋಲೋದು ಕಾಗದದ ಹತ್ತಿರ. ಒಂದು ಉದಾಹರಣೆ ಹೇಳ್ತೀನಿ. ಅಪ್ರೆಂಟಿಸ್‌ಗೆ ಅರ್ಜಿ ಹಾಕಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಇನಿಶಿಯಲ್ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು. ಆ ಅಪ್ಪನ ಹೆಸರು ರೇಷನ್ ಕಾರ್ಡಿನಲ್ಲಿ ಸೆಲ್ವಂ, ಬ್ಯಾಂಕಿನಲ್ಲಿ ಸೆಲ್ವನ್, ಜಾತಿ ಪ್ರಮಾಣಪತ್ರದಲ್ಲಿ ಶೆಲ್ವಂ. ತಮಿಳು ಹೆಸರನ್ನ ಕನ್ನಡದವರು ಒಂಥರಾ ಬರೆದರು, ಇಂಗ್ಲಿಷ್‌ಗೆ ಹಾಕಿದವರು ಇನ್ನೊಂಥರಾ. ಅರ್ಜಿ ವಾಪಸ್ಸು. ತಿದ್ದಿಸಲು ಎರಡು ಮೂರು ದಿನ ಕೆಲಸಕ್ಕೆ ರಜೆ ಹಾಕಬೇಕು, ರಜೆ ಹಾಕಿದರೆ ಆ ದಿನದ ಸಂಬಳ ಇಲ್ಲ. ಅಷ್ಟರಲ್ಲಿ ಕೊನೆ ತಾರೀಕು ಮುಗಿದಿರುತ್ತೆ. ಊರಲ್ಲಿ ಬೆಮೆಲ್ ಕಾರ್ಖಾನೆ ಇದೆ, ಊರಿಗಾಂ ಕಡೆ ಸ್ಕೂಲ್ ಆಫ್ ಮೈನ್ಸ್ ಇದೆ, ಅಲ್ಲಿಗೆ ಹೋಗೋ ದಾರಿ ಇಂಥ ಒಂದಕ್ಷರದ ತಪ್ಪಿನಲ್ಲಿ ನಿಂತುಬಿಡುತ್ತೆ.

ಹಾಗಾಗಿ ನನ್ನ ಕೇಳಿದರೆ, ಪ್ರೇರಣೆ ಭಾಷಣಕ್ಕಿಂತ ಒಂದು ಮೇಜು, ಒಂದು ಪ್ರಿಂಟರ್, ಅರ್ಜಿ ತುಂಬಲು ಬರುವ ಇಬ್ಬರು, ಇಷ್ಟು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇದ್ದರೆ ಸಾಕು. ಪ್ರತಿ ಭಾನುವಾರ ಇರಬೇಕು, ಅದೇ ಮುಖ್ಯ. ಮೂರು ವಾರ ಬಂದು ನಾಲ್ಕನೇ ವಾರ ಕಾಣೆಯಾದವರು ಇಲ್ಲಿಗೆ ಹೊಸಬರಲ್ಲ. ಸ್ಥಳೀಯರು ಒಬ್ಬರಾದರೂ ಜೊತೆಗಿರಲಿ. ನಿವೃತ್ತ ಮೇಷ್ಟ್ರು, ಹಳೇ ಗಣಿ ಫೋರ್‌ಮನ್, ಚರ್ಚ್ ಅಥವಾ ಅಂಬೇಡ್ಕರ್ ಸಂಘದ ಹಿರಿಯರು, ಯಾರಾದರೂ ಸರಿ. ಅವರು ಕರೆದರೆ ಬರುವ ಹುಡುಗ ನೀವು ಕರೆದರೆ ಬರಲ್ಲ.

ಆಟವನ್ನ ಮರೀಬೇಡಿ. ಹಾಕಿ, ಫುಟ್‌ಬಾಲ್ ಇಲ್ಲಿ ಹಳೇ ಹುಚ್ಚು. ಮೈದಾನದಲ್ಲಿ ಮೊದಲು ಮಾತಾಡಿಸಿದ ಹುಡುಗ ಆಮೇಲೆ ಮೇಜಿನ ಹತ್ತಿರಕ್ಕೂ ಬರ್ತಾನೆ, ಜೊತೆಗೆ ಇಬ್ಬರನ್ನ ಕರ್ಕೊಂಡು.

ಹತ್ತನೇ ತರಗತಿಯವರಿಗೆ ಪಾಠ ಹೇಳೋ ಯೋಚನೆ ಇದ್ದರೆ ಜನವರಿಯಲ್ಲಿ ಬರಬೇಡಿ, ಆಗ ಮಕ್ಕಳಿಗೆ ಬರೀ ಗಾಬರಿ. ಜೂನ್‌ನಲ್ಲಿ ಶಾಲೆ ಶುರುವಾದಾಗಲೇ ಬನ್ನಿ, ಗಣಿತ ಮತ್ತು ಕನ್ನಡ ಎರಡೇ ಹಿಡಿಯಿರಿ. ಬೆಳಿಗ್ಗೆ ಬೆಂಗಳೂರಿನಿಂದ ಈ ಕಡೆ ಬರುವ ರೈಲಿನಲ್ಲಿ ಸೀಟು ಸುಲಭವಾಗಿ ಸಿಗುತ್ತೆ, ಜನ ಇರೋದು ಆ ಕಡೆ ಹೋಗೋ ರೈಲಿನಲ್ಲಿ.