ಮೊದಲು ಕೀಲಿ ಕೈ ಯಾರ ಹತ್ತಿರ ಇದೆ ನೋಡಿ

ಓಣಿಯ ಸಮುದಾಯ ಭವನ ಮದುವೆ, ನಾಮಕರಣಕ್ಕೆ ಬಿಟ್ಟರೆ ಬೀಗ ಹಾಕಿಕೊಂಡೇ ಇರುತ್ತದೆ, ಮಕ್ಕಳಿಗೆ, ಹುಡುಗರಿಗೆ ಉಪಯೋಗ ಆಗೋ ಹಾಗೆ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರದ ಒಂದು ಓಣಿಯಲ್ಲಿ ನಾವು ಕೆಲವರು ಸೇರಿ ನಾಲ್ಕು ವರ್ಷದಿಂದ ನಡೆಸುತ್ತಿದ್ದೇವೆ. ಮೊದಲ ವರ್ಷ ಎಡವಿದ್ದೇ ಜಾಸ್ತಿ.

ಕಟ್ಟಡ ಹೇಗೂ ಇದೆ, ದುಡ್ಡು ಹೇಗೋ ಹೊಂದುತ್ತದೆ. ನಮ್ಮನ್ನು ಕಾಡಿದ್ದು ಕೀಲಿ ಕೈ. ಅದು ಹಿರಿಯರೊಬ್ಬರ ಮನೆಯಲ್ಲಿತ್ತು. ಅವರು ಊರಿಗೆ ಹೋದರೆ ಭವನ ಬಂದ್. ಮಕ್ಕಳು ಕಟ್ಟೆ ಮೇಲೆ ಕೂತು ಕೂತು ಎದ್ದು ಹೋಗೋರು. ಎರಡು ಸಲ ಹೀಗಾದರೆ ಮೂರನೇ ಸಲ ಯಾರು ಬರ್ತಾರೆ? ಈಗ ಎದುರು ಮನೆ ಅಕ್ಕನ ಹತ್ತಿರ ಒಂದು, ಕಿರಾಣಿ ಅಂಗಡಿಯಲ್ಲಿ ಒಂದು ಕೀಲಿ ಇದೆ. ಒಬ್ಬರೂ ಬರದಿದ್ದರೂ ಸಂಜೆ ಐದೂವರೆಗೆ ಬಾಗಿಲು ತೆಗೆಯಲೇಬೇಕು. ನಮ್ಮೂರ ಗರಡಿ ಮನೆಗಳ ಪದ್ಧತಿಯೇ ಅದು: ದುಗ್ಗಮ್ಮನ ಜಾತ್ರೆ ಕುಸ್ತಿ ಎರಡು ವರ್ಷಕ್ಕೊಮ್ಮೆ, ಸಾಮು ಮಾತ್ರ ದಿನಾ.

ಇನ್ನೊಂದು ತಪ್ಪು, ಕೇರಂ ಬೋರ್ಡು. ತಂದ ವಾರದಲ್ಲೇ ದೊಡ್ಡ ಹುಡುಗರು ಸುತ್ತ ನಿಂತುಬಿಟ್ಟರು, ಪೌಡರ್ ನೆಲಕ್ಕೆಲ್ಲ. ಹೆಣ್ಣುಮಕ್ಕಳ ಚಪ್ಪಲಿ ಬಾಗಿಲಲ್ಲಿ ಕಾಣೋದೇ ನಿಂತುಹೋಯಿತು. ನಮಗೆ ಗೊತ್ತಾಗೋಕೆ ಒಂದು ತಿಂಗಳು ಬೇಕಾಯಿತು, ಈಗಲೂ ನಾಚಿಕೆ. ಆಮೇಲೆ ಏಳು ಗಂಟೆವರೆಗೆ ಓದು ಮಾತ್ರ, ಬೋರ್ಡು ಅದರ ನಂತರ ಅಂತ ಮಾಡಿದೆವು. ಎದುರು ಮನೆ ಅಕ್ಕ ದಿನಾ ಬಂದು ಕೂರೋಕೆ ಶುರು ಮಾಡಿದ ಮೇಲೆ ಹುಡುಗಿಯರು ಒಬ್ಬೊಬ್ಬರಾಗಿ ತಿರುಗಿ ಬಂದರು.

ದೊಡ್ಡವರು ಬಂದಿದ್ದು ನಾವು ಕರೆದಿದ್ದಕ್ಕಲ್ಲ. ಮಗನನ್ನು ಕರೆದುಕೊಂಡು ಹೋಗೋಕೆ ಬಂದ ತಾಯಿಯೊಬ್ಬರು, ಮೈಯೆಲ್ಲ ಭಟ್ಟಿ ಹೊಗೆ ವಾಸನೆ, ಸೆರಗಿನ ಗಂಟಿನಿಂದ ಮಡಚಿದ ಕಾಗದ ತೆಗೆದು "ಇದರಾಗೆ ಏನ್ ಬರ್ದೈತಿ ನೋಡಪ್ಪ" ಅಂದರು. ಮಗಳ ಸ್ಕಾಲರ್‌ಶಿಪ್‌ಗೆ ಜಾತಿ-ಆದಾಯ ಪ್ರಮಾಣ ಪತ್ರ ಬೇಕು ಅಂತ ಶಾಲೆಯವರು ಕೊಟ್ಟ ಚೀಟಿ. ಅಲ್ಲಿಂದ ಶನಿವಾರ ಅರ್ಜಿ ತುಂಬಿಕೊಡೋದು ಶುರುವಾಯಿತು. ಪಿಯುಸಿ ಹುಡುಗರೇ ಮಾಡ್ತಾರೆ, ನಮಗಿಂತ ಚುರುಕು.

ಮದುವೆ ಬುಕಿಂಗ್ ನಿಲ್ಲಿಸಿ ಅಂತ ಮಾತ್ರ ಜಗಳಕ್ಕೆ ಹೋಗಬೇಡಿ. ಕರೆಂಟ್ ಬಿಲ್ ಅದರಿಂದಲೇ ಕಟ್ಟೋದು. ಪಾತ್ರೆ ಇಡುವ ಕೋಣೆ ಖಾಲಿ ಮಾಡಿಸಿಕೊಳ್ಳಿ, ಮದುವೆ ದಿನ ಅಲ್ಲೇ ಓದಿಸಬಹುದು. ಕೆಲಸ ಒಂದು ವರ್ಷ ಬಿಡದೆ ನಡೆದರೆ ಸಂಘ ನೋಂದಾಯಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಜನ ಸಾಕು.

ನಿಮ್ಮದು ಹಳ್ಳಿಯಾದರೆ ಮೊದಲು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ ಬನ್ನಿ, ಈಗ ಅದಕ್ಕೆ ಅರಿವು ಕೇಂದ್ರ ಅಂತಾರೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ. ಅಲ್ಲಿನ ಮೇಲ್ವಿಚಾರಕರು ಒಪ್ಪಿದರೆ ನಿಮಗೆ ಪುಸ್ತಕದ ಖರ್ಚೇ ಇಲ್ಲ.