ಕೊಬ್ಬರಿ ಗೋಡೌನ್‌ನಲ್ಲಿ ಮಕ್ಕಳ ಆಟದ ಜಾಗ: ಅಟ್ಟ ಇರಲಾ, ತೆಗೆಸಲಾ?

ಪ್ರಶ್ನೆ: ಕ್ಯಾತ್ಸಂದ್ರದ ಹತ್ತಿರ ನಮ್ಮ ಮಾವನವರ ಕಾಲದ ಕೊಬ್ಬರಿ ಗೋಡೌನ್ ಖಾಲಿ ಬಿದ್ದಿದೆ. 40 ಅಡಿ ಉದ್ದ, 20 ಅಡಿ ಅಗಲ, ಮೇಲೆ ಶೀಟು. ಕಾಯಿ ಹರವುತ್ತಿದ್ದ ಅಟ್ಟ ಇನ್ನೂ ಗಟ್ಟಿಯಾಗಿದೆ. ಇದನ್ನು ಮಕ್ಕಳ ಇಂಡೋರ್ ಆಟದ ಜಾಗ ಮಾಡಿ, ಗಂಟೆ ಲೆಕ್ಕದಲ್ಲಿ ಟಿಕೆಟ್ ಇಟ್ಟು ನಡೆಸಬೇಕು ಅಂತ ಆಸೆ. ಅಟ್ಟವನ್ನೇ ಮಹಡಿ ಮಾಡಿ ಅಲ್ಲಿಂದ ಜಾರುಬಂಡೆ ಇಳಿಸೋಣ ಅನ್ನುತ್ತಾರೆ ನಮ್ಮ ಯಜಮಾನರು. ಸಾಮಾನು ಮಾರುವವರೊಬ್ಬರು ಟ್ರ್ಯಾಂಪೊಲಿನ್, ಉಯ್ಯಾಲೆ, ಬಾಲ್ ಪೂಲ್ ಎಲ್ಲ ಸೇರಿಸಿ ಕೊಟೇಶನ್ ಕಳಿಸಿದ್ದಾರೆ. ಮೊದಲು ಯಾವುದನ್ನು ತೆಗೆದುಕೊಳ್ಳಲಿ?
– ಓದುಗರು, ತುಮಕೂರು

ಉತ್ತರ: ಸದ್ಯಕ್ಕೆ ಏನನ್ನೂ ತೆಗೆದುಕೊಳ್ಳಬೇಡಿ. ಆ ಕೊಟೇಶನ್ ಪಕ್ಕಕ್ಕಿಡಿ. ಒಂದು ಟೇಪು, ಒಂದು ಸೀಮೆಸುಣ್ಣ ಹಿಡಿದು ಗೋಡೌನ್‌ಗೆ ಹೋಗಿ. 800 ಚದರ ಅಡಿ ಅಂದರೆ ದೊಡ್ಡದು ಅನ್ನಿಸುತ್ತದೆ. ಗೆರೆ ಹಾಕಲು ಶುರುಮಾಡಿದ ಮೇಲೆ ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ.

ಮೊದಲು ಅಟ್ಟದ ಜಗಳ ಮುಗಿಸೋಣ. ನಿಮ್ಮ ಯಜಮಾನರ ಆಸೆ ನನಗೂ ಅರ್ಥವಾಗುತ್ತದೆ. ಅಂಥ ಮರ ಈಗ ಎಲ್ಲಿ ಸಿಗುತ್ತದೆ? ಆದರೆ ಅದನ್ನು ತೆಗೆಸಲೇಬೇಕು. ಕೊಬ್ಬರಿ ಅಟ್ಟದಲ್ಲಿ ಗಾಳಿ ಆಡಲಿ ಅಂತ ದಬ್ಬೆಗಳ ನಡುವೆ ಸಂದು ಬಿಟ್ಟಿರುತ್ತಾರೆ. ಕಾಯಿ ಬೀಳಬಾರದು, ಗಾಳಿ ಹೋಗಬೇಕು, ಅವರ ಲೆಕ್ಕ ಅಷ್ಟೇ. ಮಕ್ಕಳ ಲೆಕ್ಕ ಬೇರೆ. ಮೂರೂವರೆ ಇಂಚಿಗಿಂತ ದೊಡ್ಡದು, ಒಂಬತ್ತು ಇಂಚಿಗಿಂತ ಚಿಕ್ಕದು ಆದ ಯಾವ ಸಂದೂ ಆಟದ ಜಾಗದಲ್ಲಿ ಇರಬಾರದು. ಚಿಕ್ಕ ಮಗು ಕಾಲು ಮುಂದೆ ಹಾಕಿ ತೂರುತ್ತದೆ. ಕಾಲು ಹೋಯಿತು, ಸೊಂಟ ಹೋಯಿತು, ಎದೆಯೂ ಹೋಯಿತು, ತಲೆ ಸಿಕ್ಕಿಕೊಂಡಿತು. ಮೈಯೆಲ್ಲ ಕೆಳಗೆ ನೇತಾಡುತ್ತದೆ, ಕುತ್ತಿಗೆ ಮೇಲೆ ಭಾರ. ಇದು ಸದ್ದಿಲ್ಲದೆ ಆಗುವ ಅವಘಡ, ಮಗು ಕೂಗುವುದಕ್ಕೂ ಆಗುವುದಿಲ್ಲ.

ಅಟ್ಟ ಬಿಟ್ಟರೂ ಈ ಅಳತೆ ಬಿಡಬೇಡಿ. ಮೆಟ್ಟಿಲ ಸಂದು, ಕಂಬಿ ಸಂದು, ಗೇಟಿನ ಕೆಳಗಿನ ಜಾಗ, ಎಲ್ಲ ಕಡೆ ನೋಡಿ. ಮೂರೂವರೆ ಇಂಚು ದಪ್ಪ, ಆರು ಇಂಚು ಅಗಲದ ಒಂದು ಮರದ ತುಂಡು ಮಾಡಿಸಿ, ಜೊತೆಗೆ ಒಂಬತ್ತು ಇಂಚಿನ ಒಂದು ಊಟದ ತಟ್ಟೆ ಇಟ್ಟುಕೊಳ್ಳಿ. ತುಂಡು ತೂರಿದ ಕಡೆ ತಟ್ಟೆಯೂ ತೂರಬೇಕು. ತುಂಡು ಹೋಗಿ ತಟ್ಟೆ ನಿಂತರೆ ಆ ಸಂದು ಮುಚ್ಚಿಸಿ. (ತಟ್ಟೆ ಇಡ್ಲಿ ತಟ್ಟೆ ತರಬೇಡಿ, ಅದು ಚಿಕ್ಕದು.)

ಅಟ್ಟದ ಮರವನ್ನೇ ಬಿಚ್ಚಿ, ಉಜ್ಜಿಸಿ, ಸಂದಿಲ್ಲದ ಹಾಗೆ ಜೋಡಿಸಿ ಮೂರಡಿ ಎತ್ತರದ ಒಂದು ಜಗಲಿ ಮಾಡಿಸಿ. ಯಜಮಾನರಿಗೂ ಸಮಾಧಾನ. ಜಗಲಿ ಸುತ್ತ 38 ಇಂಚಿನ ತಡೆ ಬೇಕು. ಅಡ್ಡ ಪಟ್ಟಿ ಹಾಕಿಸಬೇಡಿ, ಅದು ಮಕ್ಕಳಿಗೆ ಏಣಿ ಇದ್ದ ಹಾಗೆ. ಮುಚ್ಚಿದ ಹಲಗೆ ಒಳ್ಳೆಯದು. ಅದರಲ್ಲಿ ಒಂದೆರಡು ಇಂಚಿನ ಇಣುಕು ತೂತು ಕೊರೆಸಿದರೆ ಮಕ್ಕಳಿಗೆ ಅದೇ ಒಂದು ಆಟ. ಬೆರಳು ಸಿಕ್ಕಿಕೊಳ್ಳುವಷ್ಟು ಸಣ್ಣ ತೂತು ಮಾತ್ರ ಬೇಡ.

ಈಗ ಜಾರುಬಂಡೆ. ಇಳಿಜಾರು ಸರಾಸರಿ 30 ಡಿಗ್ರಿ ದಾಟಬಾರದು. ಮೂರಡಿ ಎತ್ತರಕ್ಕೆ ನೆಲದ ಮೇಲೆ ಕನಿಷ್ಠ ಐದೂಕಾಲು ಅಡಿ ಬೇಕು. ಇಳಿದ ಕಡೆ ಆರಡಿ ಖಾಲಿ ಬಿಡಬೇಕು. ಚಪ್ಪಟೆ ತುದಿಯೂ ಸೇರಿ 12 ಅಡಿ ಹೋಯಿತು. ಇದಕ್ಕಿಂತ ಮುಖ್ಯ, ಇಳಿದ ಮಗು ತಿರುಗಿ ಏಣಿಗೆ ಓಡುವ ದಾರಿ. ಮಕ್ಕಳು ಒಂದು ಸಲ ಜಾರಿ ಸುಮ್ಮನಿರುವುದಿಲ್ಲ, ನಲವತ್ತು ಸಲ ಜಾರುತ್ತಾರೆ. ವಾಪಸ್ಸು ಓಡುವ ದಾರಿ ಇನ್ನೊಬ್ಬರು ಇಳಿಯುವ ಬಾಯಿಗೆ ಅಡ್ಡ ಬಂದರೆ ಡಿಕ್ಕಿ ಗ್ಯಾರಂಟಿ. ನಾನು ನೋಡಿದ ಒಂದು ಕಡೆ ಎಲ್ಲ ಸಾಮಾನೂ ಚೆನ್ನಾಗಿತ್ತು, ಮ್ಯಾಟು ಹೊಸದು, ಆದರೆ ಜಾರುಬಂಡೆಯ ಬಾಯಿಗೆ ಸರಿಯಾಗಿ ನಾಲ್ಕಡಿ ದೂರದಲ್ಲಿ ಕಬ್ಬಿಣದ ಕಂಬ. ಕಂಬಕ್ಕೆ ಮಿಕ್ಕಿ ಮೌಸ್ ಚಿತ್ರ ಅಂಟಿಸಿದ್ದರು. ನಿಮ್ಮ ಗೋಡೌನ್ ಕಂಬಗಳಿಗೆ ಆರಡಿವರೆಗೆ ಫೋಮ್ ಸುತ್ತಿ ರೆಕ್ಸಿನ್ ಹೊಲಿಸಿ.

ಇನ್ನೊಂದು ಬೋರ್ಡು ಬರೆಸಿ: ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ದೊಡ್ಡವರು ಜಾರುವಂತಿಲ್ಲ. ಕಾಪಾಡೋಣ ಅಂತಲೇ ಅಪ್ಪ ಅಮ್ಮ ಹಾಗೆ ಮಾಡುತ್ತಾರೆ. ಮಗುವಿನ ಪಾದ ಅಂಚಿಗೆ ತಗುಲಿ ನಿಲ್ಲುತ್ತದೆ, ದೊಡ್ಡವರ ತೂಕ ನಿಲ್ಲುವುದಿಲ್ಲ. ಮೊಣಕಾಲಿನ ಕೆಳಗಿನ ಮೂಳೆ ಮುರಿಯುತ್ತದೆ. ಮಗು ಒಂಟಿಯಾಗಿ ಜಾರಿದರೆ ಕಾಲು ತಗುಲಿದರೂ ನಿಂತುಬಿಡುತ್ತದೆ, ಅಷ್ಟೇ.

ಉಯ್ಯಾಲೆ ಬೇಡ. ಕಟ್ಟುವ ಜಾಗ ಎಂಟಡಿ ಎತ್ತರವಿದ್ದರೆ ಮುಂದೆ 16, ಹಿಂದೆ 16 ಅಡಿ ಖಾಲಿ ಬಿಡಬೇಕು. ನಿಮ್ಮ 40 ಅಡಿಯಲ್ಲಿ 32 ಅಡಿ ಅದಕ್ಕೇ ಆಯಿತು. ಟ್ರ್ಯಾಂಪೊಲಿನ್ ಕೂಡ ಬೇಡ ಅನ್ನುತ್ತೇನೆ. ಒಂದು ಸಲಕ್ಕೆ ಒಬ್ಬರೇ ಅಂದರೆ ಪರವಾಗಿಲ್ಲ, ಆದರೆ ಭಾನುವಾರ ಸಂಜೆ ಯಾರು ಕೇಳುತ್ತಾರೆ? ಇಬ್ಬರು ಒಟ್ಟಿಗೆ ಕುಣಿದಾಗ ಪೆಟ್ಟು ಬೀಳುವುದು ಹೆಚ್ಚಾಗಿ ಚಿಕ್ಕವರಿಗೇ. ದೊಡ್ಡ ಹುಡುಗ ಬಿದ್ದ ರಭಸಕ್ಕೆ ಚಿಕ್ಕದು ಚೆಂಡಿನ ಹಾಗೆ ಎಗರುತ್ತದೆ.

ನೆಲಕ್ಕೆ ದುಡ್ಡು ಹಾಕಿ. ಒಂದಕ್ಕೊಂದು ಸಿಕ್ಕಿಸುವ ತೆಳು ಮ್ಯಾಟು ಓಡುವುದಕ್ಕೆ ಸಾಕು, ಬೀಳುವುದಕ್ಕೆ ಸಾಲದು. ಜಗಲಿ, ಜಾರುಬಂಡೆ ಸುತ್ತ ಆರಡಿವರೆಗೆ ಹಾಸುವ ಶೀಟಿಗೆ ‘ಕ್ರಿಟಿಕಲ್ ಫಾಲ್ ಹೈಟ್’ ಎಷ್ಟು ಅಂತ ಮಾರುವವರನ್ನು ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ಆ ಎತ್ತರದವರೆಗೆ ಬಿದ್ದರೆ ತಲೆಗೆ ಜೀವಕ್ಕೆ ಕುತ್ತಾಗುವಂಥ ಪೆಟ್ಟು ಬೀಳುವ ಸಂಭವ ಕಡಿಮೆ ಅಂತ ಪರೀಕ್ಷೆ ಮಾಡಿ ಹೇಳುವ ಅಂಕಿ ಅದು. ನಿಮ್ಮ ಜಗಲಿಗಿಂತ ಆ ಅಂಕಿ ಜಾಸ್ತಿ ಇರಬೇಕು. ‘ತುಂಬಾ ಸಾಫ್ಟು ಮೇಡಂ’ ಅನ್ನುವುದು ಉತ್ತರವಲ್ಲ. ಅಗ್ಗಕ್ಕೆ ಸಿಗುತ್ತದೆ ಅಂತ ನಾರಿನ ಚಾಪೆ ಒಳಗೆಲ್ಲ ಹಾಸಬೇಡಿ. ಧೂಳು ಹಿಡಿಯುತ್ತದೆ, ತೊಳೆಯಲು ಕಷ್ಟ. ಬಾಗಿಲಲ್ಲಿ ಕಾಲೊರೆಸಲು ಒಂದಿರಲಿ.

ನೀವು ಕೇಳದೇ ಇರುವ ವಿಷಯ ಬೆಂಕಿ. ನನಗೆ ಎಲ್ಲಕ್ಕಿಂತ ಭಯ ಅದರದ್ದೇ. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಗೇಮ್ ಝೋನ್ ಒಂದರಲ್ಲಿ ಬೆಂಕಿ ಬಿದ್ದು ಮಕ್ಕಳೂ ಸೇರಿ 25ಕ್ಕಿಂತ ಹೆಚ್ಚು ಜನ ಸತ್ತರು. ಅದೂ ಶೀಟಿನ ಕಟ್ಟಡವೇ. ಫೋಮ್ ಹತ್ತಿಕೊಂಡರೆ ನಿಮಿಷಗಳಲ್ಲಿ ವಿಷದ ಹೊಗೆ ತುಂಬುತ್ತದೆ. ಅದಕ್ಕೇ ಎದುರುಬದುರು ಎರಡು ಬಾಗಿಲು ಇರಲಿ, ಎರಡೂ ಹೊರಗೆ ತೆರೆಯಲಿ. ರೋಲಿಂಗ್ ಶಟರನ್ನು ಬಾಗಿಲು ಅಂತ ಲೆಕ್ಕ ಹಿಡಿಯಬೇಡಿ. ಹಿಂದಿನ ಬಾಗಿಲಿಗೆ ಬೀಗ ಬೇಡ, ಒಳಗಿನಿಂದ ತಳ್ಳಿದರೆ ತೆರೆಯುವ, ತೆರೆದರೆ ಅಲಾರಂ ಹೊಡೆಯುವ ಪಟ್ಟಿ ಹಾಕಿಸಿ. ಹೊರಗೆ ಹೈವೇ ಇದೆ, ಮಗು ಸುಮ್ನೆ ಜಾರಿಕೊಂಡು ಹೋಗಬಾರದಲ್ಲ. ವೆಲ್ಡಿಂಗ್ ಕೆಲಸವೆಲ್ಲ ಫೋಮ್ ಬರುವ ಮೊದಲೇ ಮುಗಿಯಲಿ. ವೈರಿಂಗ್ ಪೂರ್ತಿ ಹೊಸದಾಗಲಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಇರಲಿ. ಪಾಲಿಕೆಯ ಟ್ರೇಡ್ ಲೈಸೆನ್ಸ್‌ಗೆ ಹೋಗುವಾಗಲೇ ಅಗ್ನಿಶಾಮಕ ಠಾಣೆಗೂ ಹೋಗಿ ನಕ್ಷೆ ತೋರಿಸಿ.

ಬರ್ತ್‌ಡೇ ಪಾರ್ಟಿ ಬರುತ್ತವೆ, ಬರಲಿ, ದುಡ್ಡು ಅಲ್ಲೇ ಇರುವುದು. ಆದರೆ ಕೇಕು ಹೊರಗಿನ ಶೆಡ್‌ನಲ್ಲಿ ಕತ್ತರಿಸಲಿ. ಒಬ್ಬರು ಸ್ನೋ ಸ್ಪ್ರೇ ಹೊಡೆಯುತ್ತಾರೆ, ಪಕ್ಕದಲ್ಲೇ ಮೇಣದಬತ್ತಿ ಉರಿಯುತ್ತಿರುತ್ತದೆ. ಆ ಸ್ಪ್ರೇ ಭಗ್ಗನೆ ಹತ್ತಿಕೊಳ್ಳುತ್ತದೆ.

ಬೇಸಿಗೆಗೆ ಶೀಟಿನ ಮೇಲೆ ಬಿಳಿ ಬಣ್ಣ, ಒಂದೆರಡು ಟರ್ಬೊ ವೆಂಟಿಲೇಟರ್. ಫ್ಯಾನು ಗೋಡೆಗೆ, ಮಕ್ಕಳ ಕೈಗೆಟುಕದ ಎತ್ತರದಲ್ಲಿ.

ಮೂರು ವರ್ಷದೊಳಗಿನವರಿಗೆ ಒಂದು ಮೂಲೆ ಬೇರೆ ಮಾಡಿ. ಅಲ್ಲಿಗೆ ಸಣ್ಣ ವಸ್ತು ಹೋಗಬಾರದು. ಟಿಶ್ಯೂ ರೋಲಿನ ರಟ್ಟಿನ ಕೊಳವೆಯಲ್ಲಿ ಪೂರ್ತಿ ತೂರುವ ಯಾವುದೂ ಬೇಡ, ಚೌಕಾಬಾರದ ಕವಡೆಯೂ ಸೇರಿ. ಆಟಿಕೆಗೆ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ. ಅಮ್ಮಂದಿರ ಬೆಂಚನ್ನು ಈ ಮೂಲೆಗೂ ಜಾರುಬಂಡೆಗೂ ನಡುವೆ ಹಾಕಿ, ಎರಡೂ ಕಡೆ ಕಣ್ಣು ಹೋಗಬೇಕು. ಗೋಡೆ ಕಡೆ ಮುಖ ಮಾಡಿದ ಬೆಂಚು, ಅದರ ಮೇಲೊಂದು ಟಿವಿ ಖಂಡಿತ ಬೇಡ.

ಉಳಿದ ಜಾಗ ಖಾಲಿ ಬಿಡಿ. ದುಡ್ಡು ಕೊಟ್ಟು ಬಂದವರಿಗೆ ಖಾಲಿ ನೆಲವಾ ಅನ್ನಿಸಬಹುದು. ನೆಲದ ಮೇಲೆ ಎರಡು ಕುಂಟೆಬಿಲ್ಲೆ ಮನೆ ಬರೆಸಿ, ಹತ್ತು ದೊಡ್ಡ ರಟ್ಟಿನ ಪೆಟ್ಟಿಗೆ, ನಾಲ್ಕು ಹಳೇ ಬೆಡ್‌ಶೀಟ್ ಇಟ್ಟು ನೋಡಿ. ಅರ್ಧ ಗಂಟೆಗೆ ಜಾರುಬಂಡೆ ಖಾಲಿಯಾಗುತ್ತದೆ, ಎಲ್ಲರೂ ಗುಡಿಸಲು ಕಟ್ಟುತ್ತಿರುತ್ತಾರೆ. ಅಡಗುವ ಜಾಗ ಇಲ್ಲದ ಆಟದ ಮನೆ ಮಕ್ಕಳಿಗೆ ಬೇಗ ಬೇಜಾರು. ಜಗಲಿ ಕೆಳಗಿನ ಮೂರಡಿಯನ್ನೂ ಬಿಟ್ಟುಕೊಡಿ, ಎರಡು ಕಡೆ ತೆರೆದಿರಲಿ, ದೊಡ್ಡವರು ಬಗ್ಗಿ ನೋಡುವ ಹಾಗಿರಲಿ.

ಪ್ರಶ್ನೆ: ನಮ್ಮ ಶಿಶುವಿಹಾರದಲ್ಲಿ ಎಂಟು ಅಡಿ, ಆರು ಅಡಿಯ ಬಾಲ್ ಪೂಲ್ ಮಾಡಬೇಕು. ಎಷ್ಟು ಚೆಂಡು ಬೇಕು? ತೊಳೆಯುವುದು ಹೇಗೆ?
– ಓದುಗರು, ಗುಬ್ಬಿ

ಉತ್ತರ: ಏಳು ಸೆಂಟಿಮೀಟರಿನ ಚೆಂಡಾದರೆ ಒಂದು ಘನ ಅಡಿಗೆ ಸುಮಾರು 90. ನಿಮ್ಮದಕ್ಕೆ ಒಂದಡಿ ಆಳ ತುಂಬಲು 4,300ದಷ್ಟು ಬೇಕು. ಒಂದಡಿಗಿಂತ ಆಳ ಬೇಡ, ಮುಳುಗಿ ಮಲಗಿದ ಮಗು ಕಾಣುವುದಿಲ್ಲ, ಮೇಲಿಂದ ಇನ್ನೊಂದು ಹಾರುತ್ತದೆ.

ತೊಳೆಯುವ ತಾಕತ್ತಿದ್ದರೆ ಮಾತ್ರ ಮಾಡಿ. ಚೆಂಡುಗಳನ್ನು ಸೊಳ್ಳೆಪರದೆ ಬಟ್ಟೆಯ ಚೀಲಗಳಲ್ಲಿ ತುಂಬಿ, ಸೋಪಿನ ನೀರಲ್ಲಿ ಅದ್ದಿ ಕುಲುಕಿ, ತೆಳುವಾದ ಬ್ಲೀಚಿಂಗ್ ನೀರಲ್ಲಿ ನೆನೆಸಿ, ಚೆನ್ನಾಗಿ ಜಾಲಾಡಿ, ನೆರಳಲ್ಲಿ ಒಣಗಿಸಿ. ವಾರಕ್ಕೊಮ್ಮೆ. ಯಾರಾದರೂ ಒಳಗೆ ಉಚ್ಚೆ ಮಾಡಿದರೆ ಅವತ್ತೇ. ಕೈ, ಕಾಲು, ಬಾಯಿ ರೋಗದ ಕಾಲದಲ್ಲಿ ಕೈಗೆ ಸ್ಯಾನಿಟೈಸರ್ ನಂಬಬೇಡಿ, ಆ ವೈರಸ್ಸಿಗೆ ಸೋಪು ನೀರೇ ಮೇಲು. ಚೆಂಡು ಖಾಲಿ ಮಾಡಿದಾಗ ತಳದಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ತಟ್ಟೆಗೆ ಹಾಕಿ ನೋಡಿ. ಹೇರ್ ಪಿನ್ನು, ಕಡಲೆಬೀಜ, ಒಂದು ಗೆಜ್ಜೆ. ಗುಂಡಿ ಬ್ಯಾಟರಿ ಸಿಕ್ಕರೆ ಅದು ಯಾವ ಆಟಿಕೆಯದ್ದು ಅಂತ ಹುಡುಕುವವರೆಗೆ ಪೂಲ್ ತೆರೆಯಬೇಡಿ.