ಹಲಸಿನ ಮಂಚ ನ್ಯೂಜೆರ್ಸಿಗೆ ಹೋಗಬೇಕೇ?

ಪ್ರಶ್ನೆ: ನಾನು ಸಾಗರದ ಕಡೆಯವನು, ನಿವೃತ್ತ ಸರಕಾರಿ ನೌಕರ. ಮರಗೆಲಸ ನನಗೆ ಚಿಕ್ಕಂದಿನ ಹುಚ್ಚು. ಅಮ್ಮ ನೆಟ್ಟಿದ್ದ ಹಲಸಿನ ಮರ ಹೋದ ಮಳೆಗಾಲದಲ್ಲಿ ಬಿತ್ತು. ನ್ಯೂಜೆರ್ಸಿಯಲ್ಲಿರುವ ಮಗಳು ಬಸುರಿ ಎಂಬ ಸುದ್ದಿ ಬಂದೊಡನೆ ಅದನ್ನು ಕೊಯ್ಯಿಸಿ, ಹುಟ್ಟುವ ಮಗುವಿಗೆ ಮಂಚ ಮಾಡಿದೆ. ಸುತ್ತ ಕಟಾಂಜನ, ಸರಳುಗಳ ನಡುವೆ ನಾಲ್ಕು ಬೆರಳಿನ ಅಂತರ, ತಾಯಿ ಬಗ್ಗದೆ ಮಗುವನ್ನು ಎತ್ತಿಕೊಳ್ಳಲೆಂದು ಕೆಳಕ್ಕೆ ಜಾರುವ ಒಂದು ಬದಿ. ಒಳಗೆ ಸುತ್ತಲೂ ಕಟ್ಟಲು ನನ್ನ ಹೆಂಡತಿ ಬೂರುಗದ ಹತ್ತಿಯ ಉದ್ದ ದಿಂಬು ಹೊಲಿದಳು. ಅಟ್ಟದಲ್ಲಿದ್ದ ಹಳೆಯ ಎನಾಮೆಲ್ ಬಣ್ಣ ಬಳಿಯುವುದಷ್ಟೇ ಬಾಕಿ. ಫೋಟೊ ಕಳಿಸಿದರೆ ಮಗಳು ಒಂದು ಮಾತೂ ಬರೆಯದೆ ಅಲ್ಲಿನ ಸುರಕ್ಷತಾ ನಿಯಮಗಳ ಪುಟ ಕಳಿಸಿದಳು. ಮರುದಿನ, ‘ಅಪ್ಪಾ, ನಾವು ಅಂಗಡಿಯಿಂದ ತಂದಾಯಿತು’ ಎಂದಳು. ನಾನೂ ಅವಳೂ ಇಂಥದ್ದರಲ್ಲೇ ಮಲಗಿ ಬೆಳೆಯಲಿಲ್ಲವೇ? ಅವಳೊಂದಿಗೆ ಮಾತು ಬಿಟ್ಟು ಹದಿನೈದು ದಿನವಾಯಿತು. ಬೀಗಿತ್ತಿ ಬೇರೆ ‘ತವರಿನ ತೊಟ್ಟಿಲು ಎಲ್ಲಿ’ ಎಂದು ಕೇಳುತ್ತಿದ್ದಾರೆ. ಮುಂದಿನ ತಿಂಗಳು ಬಾಣಂತನಕ್ಕೆ ಹೊರಟಿದ್ದೇವೆ. ಮಂಚವನ್ನು ಬಿಚ್ಚಿ ಕೊಂಡೊಯ್ಯಲೇ, ಒಲೆಗೆ ಹಾಕಲೇ?

ಉತ್ತರ: ಒಲೆಗೂ ಹಾಕಬೇಡಿ, ವಿಮಾನಕ್ಕೂ ಹಾಕಬೇಡಿ.

ಮೊದಲು ಕಹಿ ಮಾತು ಮುಗಿಸಿಬಿಡುತ್ತೇನೆ. ಮಗು ರಾತ್ರಿ ಎಲ್ಲಿ ಮಲಗಬೇಕೆಂಬ ವಿಷಯದಲ್ಲಿ ನಿಮ್ಮ ಮಗಳದೇ ಸರಿ. ಅದನ್ನು ಹೇಳಿದ ರೀತಿ ಸರಿಯಲ್ಲ. ತಂದೆ ತಿಂಗಳುಗಟ್ಟಲೆ ಉಳಿ ಹಿಡಿದು ಮಾಡಿದ ಕೆಲಸಕ್ಕೆ ‘ಚೆನ್ನಾಗಿದೆ’ ಎಂಬ ಒಂದು ಮಾತು ಬರೆದು ಆಮೇಲೆ ನಿಯಮ ಕಳಿಸಬಹುದಿತ್ತು. ಆದರೆ ದಿನ ತುಂಬುತ್ತಿರುವ ಹೆಣ್ಣುಮಗಳಿಗೆ ನಿಮ್ಮ ಫೋಟೊದಲ್ಲಿ ಮಂಚಕ್ಕಿಂತ ಮೊದಲು ಕಂಡದ್ದು ಅಪಾಯ. ಯಾಕೆಂದರೆ ಆ ಪುಟದಲ್ಲಿ ಕೂಡದು ಎಂದಿರುವುದೆಲ್ಲ ನಿಮ್ಮ ಮಂಚದಲ್ಲಿದೆ. ಅದೂ ನೀವಿಬ್ಬರೂ ಅತಿ ಪ್ರೀತಿಯಿಂದ ಮಾಡಿದ ಭಾಗಗಳಲ್ಲೇ.

ನಾಲ್ಕು ಬೆರಳಿನ ಅಂತರವನ್ನೇ ನೋಡಿ. ಎಳೆ ಮಗುವಿನ ಸೊಂಟ ಸಣ್ಣದು, ತಲೆ ದೊಡ್ಡದು. ಕಾಲು ಮುಂದಾಗಿ ಸರಳುಗಳ ನಡುವೆ ಮೈ ಜಾರಿದರೆ ತಲೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಅಮೆರಿಕದ ನಿಯಮ ಈ ಸಂದನ್ನು ಸುಮಾರು 6 ಸೆಂಟಿಮೀಟರಿಗೆ ಮಿತಿಗೊಳಿಸಿದೆ. ನಿಮ್ಮ ನಾಲ್ಕು ಬೆರಳು ಅದನ್ನು ಮೀರುತ್ತದೆ. ಜಾರುವ ಬದಿಯಂತೂ ಒಂದು ಕಾಲದಲ್ಲಿ ಅಲ್ಲಿ ಮನೆಮನೆಯಲ್ಲಿದ್ದದ್ದು. ತಿರುಪು, ಕೊಂಡಿಗಳು ಸವೆದು ಬದಿ ಕಳಚಿಕೊಂಡು, ಆ ಸಂದಿನಲ್ಲಿ ಸಿಕ್ಕಿ ಹಲವು ಮಕ್ಕಳು ತೀರಿಕೊಂಡ ಮೇಲೆ 2011ರ ಜೂನ್‌ನಿಂದ ಅಂಥ ಮಂಚಗಳ ತಯಾರಿಕೆ, ಮಾರಾಟ ಎರಡನ್ನೂ ನಿಲ್ಲಿಸಿದರು. ನಿಮ್ಮ ಮನೆಯವರು ಹೊಲಿದಂಥ ಸುತ್ತುದಿಂಬಿನ ಮಾರಾಟವನ್ನೂ 2022ರ ಕಾಯ್ದೆ ನಿಷೇಧಿಸಿದೆ. ಮಗು ಅದಕ್ಕೆ ಮುಖ ಒತ್ತಿದರೆ ತಿರುಗಿಸಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಗಟ್ಟಿಯಾದ ಸಪಾಟು ಹಾಸಿಗೆ, ಅದರ ಮೇಲೆ ಬಿಗಿಯಾಗಿ ಕೂತ ಹಾಸುಬಟ್ಟೆ, ಅಂಗಾತ ಮಲಗಿದ ಮಗು, ಬೇರೇನೂ ಇಲ್ಲ ಎನ್ನುತ್ತಾರೆ ಅಲ್ಲಿನ ಮಕ್ಕಳ ವೈದ್ಯರು. 1994ರಲ್ಲಿ ಅಲ್ಲಿ ಶಿಶುಗಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾದ ಬಳಿಕ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಶಿಶುಗಳ ಪ್ರಮಾಣ ವರ್ಷ ಕಳೆದಂತೆ ಅರ್ಧದಷ್ಟು ಇಳಿಯಿತು. ಹಾಗಾಗಿ ಮಗಳದು ಪುಸ್ತಕ ಓದಿ ಬಂದ ಹೆದರಿಕೆ ಎಂದು ತಳ್ಳಿಹಾಕಬೇಡಿ.

‘ನಾವು ಬೆಳೆಯಲಿಲ್ಲವೇ’ ಎನ್ನುತ್ತೀರಿ. ಬೆಳೆದಿರಿ. ಆದರೆ ನಿಮ್ಮ ತೊಟ್ಟಿಲು ನಡುಮನೆಯಲ್ಲಿತ್ತು. ಹಗ್ಗ ಎಳೆಯಲು ಅಜ್ಜಿ, ಇಣುಕಿ ನೋಡಲು ಅತ್ತೆ, ಚಿಕ್ಕಮ್ಮ ಇದ್ದರು. ನೀವಿಬ್ಬರೂ ಬಾಣಂತನ ಮುಗಿಸಿ ಹಿಂತಿರುಗಿದ ಮೇಲೆ ಆ ಮನೆಯಲ್ಲಿರುವುದು ನಿದ್ದೆಗೆಟ್ಟ ಇಬ್ಬರೇ. ಅವರು ನಂಬಬೇಕಾದದ್ದು ಮಂಚವನ್ನು, ಅದನ್ನು ಯಾರು ಮಾಡಿದರೆಂಬುದನ್ನಲ್ಲ.

ಇನ್ನು ವೈದ್ಯರ ಮಾತು ಬಿಟ್ಟು ಮರದ ಮಾತಿಗೆ ಬರೋಣ. ಅದು ನಿಮಗೆ ಬೇಗ ಒಪ್ಪಿಗೆಯಾದೀತು. ಒಂದು ಇಂಚು ದಪ್ಪದ ಹಲಗೆ ನೆರಳಲ್ಲಿ ಒಣಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕೆಂಬುದು ಮರಗೆಲಸದವರ ಲೆಕ್ಕ. ನಿಮ್ಮ ಹಲಸು ಬಿದ್ದದ್ದೇ ಹೋದ ಮಳೆಗಾಲದಲ್ಲಿ. ಸಾಗರದ ತೇವದ ಗಾಳಿಯಲ್ಲಿ ಬಿಗಿಯಾಗಿ ಕೂತ ಜೋಡಣೆಗಳು, ಚಳಿಗಾಲವಿಡೀ ಹೀಟರ್ ಉರಿಯುವ ಮನೆಯಲ್ಲಿ ಹಾಗೆಯೇ ಇರುತ್ತವೆಯೇ? ಹಲಗೆ ಅಗಲದಲ್ಲಿ ಕುಗ್ಗುತ್ತದೆ, ಸರಳು ತನ್ನ ತೂತಿನಲ್ಲಿ ತಿರುಗತೊಡಗುತ್ತದೆ. ಪುಸ್ತಕದ ಕಪಾಟಿನಲ್ಲಾದರೆ ಅದು ಸಣ್ಣ ಬೇಸರ. ಮಗುವಿನ ಮಂಚದಲ್ಲಿ ಹಾಗಲ್ಲ. ವಿಮಾನದ 23 ಕಿಲೋ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಹೋಗಿ, ಅಲ್ಲಿ ಬಿಗಿ ಸಡಿಲವಾದದ್ದನ್ನು ಕಾಣುವುದು ನಿಮಗೂ ಬೇಡ.

ಹಾಗಾದರೆ ಮಂಚ ಏನಾಗಬೇಕು? ಜಾರುವ ಬದಿಯನ್ನು ಪೂರ್ತಿ ತೆಗೆದುಬಿಡಿ. ಮೂರು ಕಡೆ ಕಟಾಂಜನ, ಎದುರು ಬಯಲು. ಜಗಲಿಗೆ ಸೊಗಸಾದ ಆಸನವಾಗುತ್ತದೆ. ಹಲಸಿನ ಹಳದಿ ವರ್ಷ ಕಳೆದಂತೆ ಕಂದಿ ಜೇನಿನ ಬಣ್ಣಕ್ಕೆ ತಿರುಗುವುದು ನಿಮಗೆ ಗೊತ್ತೇ ಇದೆ. ವೀಣೆ ಮಾಡುವ ಮರ ಅದು, ಎನಾಮೆಲ್ ಬಳಿದು ಅದರ ಮುಖ ಮುಚ್ಚಬೇಡಿ. ಮಾತ್ರವಲ್ಲ, ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಡಬ್ಬದಲ್ಲಿ ಏನಿದೆಯೋ ಯಾರು ಬಲ್ಲರು! ಮಕ್ಕಳು ಕೈಗೆ ಸಿಕ್ಕ ಮರವನ್ನೆಲ್ಲ ಕಚ್ಚುತ್ತವೆ. ಆ ಡಬ್ಬವನ್ನು ಮನೆಯೊಳಗಿನ ಯಾವ ಕೆಲಸಕ್ಕೂ ಬಳಸಬೇಡಿ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಷ್ ಸಾಕು. ವಾಸನೆ ಪೂರ್ತಿ ಹೋಗುವ ತನಕ ಒಣಗಲು ಬಿಡಿ.

ಮಗುವಿಗೆ ಕೊಂಡೊಯ್ಯಲು ಉಳಿದ ಹಲಗೆಯಲ್ಲಿ ಒಂದು ಮಣೆ ಮಾಡಿ. ನಾಮಕರಣಕ್ಕೆ ಮಗುವನ್ನೆತ್ತಿಕೊಂಡ ತಾಯಿ ಅದರ ಮೇಲೆ ಕೂರಲಿ, ಅನ್ನಪ್ರಾಶನಕ್ಕೆ ಅದೇ ಇರಲಿ, ಆಮೇಲೆ ಮಗು ತಾನೇ ಅದನ್ನು ಎಳೆದುಕೊಂಡು ಓಡಾಡಲಿ. ಮೊಳೆ ಬೇಡ, ಅಂಚು ಉರುಟಾಗಿರಲಿ. ಎತ್ತರದ ಕಪಾಟು ಮಾತ್ರ ಮಾಡಲು ಹೋಗಬೇಡಿ. ಮಕ್ಕಳು ಹತ್ತಿದರೆ ಮಗುಚಿ ಬೀಳುತ್ತದೆ, ಗೋಡೆಗೆ ಬಿಗಿಯಲೇಬೇಕು, ಬಾಡಿಗೆ ಮನೆಯ ಗೋಡೆಗೆ ತೂತು ಕೊರೆಯಲು ಮಾಲೀಕರನ್ನು ಕೇಳಬೇಕು. ಮಣೆಯಲ್ಲಿ ತೊಗಟೆಯ ತುಣುಕಾಗಲಿ ಹುಳು ಕೊರೆದ ತೂತಾಗಲಿ ಇಲ್ಲದಂತೆ ನೋಡಿಕೊಂಡು, ಅಲ್ಲಿ ಇಳಿದಾಗ ಮರದ ವಸ್ತು ಇದೆ ಎಂದು ಅಧಿಕಾರಿಗಳಿಗೆ ಮೊದಲೇ ಹೇಳಿಬಿಡಿ. ಒಂದು ವರ್ಷದ ಹೊತ್ತಿಗೆ ಹಿಡಿದು ನಡೆಯಲು ಮೂರು ಗಾಲಿಯ ತಳ್ಳುಗಾಡಿ ಬೇಕಾಗುತ್ತದೆ. ಹಲಗೆ ಚೆನ್ನಾಗಿ ಒಣಗಿರುವುದೂ ಆಗಲೇ.

ಮಗಳಿಗೆ ಇವತ್ತೇ ಫೋನು ಮಾಡಿ. ಕ್ಷಮಾಪಣೆ ಯಾರು ಕೇಳಬೇಕೆಂಬ ಲೆಕ್ಕಾಚಾರಕ್ಕೆ ಇಳಿಯಬೇಡಿ, ಅವಳಿಂದ ಹೊಗಳಿಕೆಯನ್ನೂ ಕಾಯಬೇಡಿ. ‘ನೀನು ಕಳಿಸಿದ್ದನ್ನು ಓದಿದೆ. ನೀವು ತಂದ ಮಂಚದ ತಿರುಪುಗಳನ್ನು ನಾನು ಬಂದು ಒಮ್ಮೆ ನೋಡುತ್ತೇನೆ’ ಎನ್ನಿ. ಇದು ಸುಮ್ಮನೆ ಸಮಾಧಾನಕ್ಕೆ ಹೇಳಿದ ಮಾತಲ್ಲ. ಅಂಗಡಿಯ ಮಂಚಗಳು ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತವೆ, ಜೋಡಿಸಿದವರ ಕೈ ತಪ್ಪಿದರೆ ಅವೂ ಅಪಾಯವೇ. ಹಾಸಿಗೆ ಮತ್ತು ಕಟಾಂಜನದ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು, ಮೂಲೆಯ ಕಂಬ ಮೇಲೆ ಚಾಚಿರಬಾರದು, ತಿರುಪುಗಳನ್ನು ಆಗಾಗ ಬಿಗಿ ಮಾಡುತ್ತಿರಬೇಕು. ಆ ಮನೆಯಲ್ಲಿ ಇದನ್ನೆಲ್ಲ ಕೈಯಿಟ್ಟೊಡನೆ ತಿಳಿಯಬಲ್ಲವರು ನೀವೊಬ್ಬರೇ. ಹೆಂಡತಿಯ ದಿಂಬನ್ನೂ ಒಯ್ಯಿರಿ. ಹಾಲೂಡಿಸುವಾಗ ಮಗಳ ಬೆನ್ನಿಗೆ ಕೊಟ್ಟರೆ ಅದಕ್ಕಿಂತ ಒಳ್ಳೆಯ ಬಳಕೆ ಇಲ್ಲ. ಎಚ್ಚರವಿದ್ದಾಗ ಮಾತ್ರ, ಮಗು ಮಲಗುವ ಕಡೆ ಅಲ್ಲ.

ಬೀಗಿತ್ತಿಯವರ ವಿಷಯ. ಮಗುವನ್ನು ಮೊದಲ ಸಲ ಊರಿಗೆ ಕರೆತಂದಾಗ ನಮ್ಮ ಮನೆಯ ಹಳೆಯ ತೊಟ್ಟಿಲನ್ನೇ ಸಿಂಗರಿಸಿ ಶಾಸ್ತ್ರ ಮಾಡುತ್ತೇವೆ, ನೀವೂ ಬನ್ನಿ ಎಂದು ಈಗಲೇ ಕರೆಯಿರಿ. ಸುತ್ತ ಹತ್ತು ಜನ ಹೆಂಗಸರು ನಿಂತು ತೂಗುವ ಆ ಅರ್ಧ ಗಂಟೆಗೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಮಗಳನ್ನು ಒಂದು ಮಾತು ಕೇಳಿಕೊಂಡರಾಯಿತು. ಅಷ್ಟಾದ ಮೇಲೂ ‘ತವರಿನಿಂದ ಏನು ಬಂತು’ ಎಂಬ ಪ್ರಶ್ನೆ ಎದ್ದರೆ ಉತ್ತರ ಕೊಡಬೇಕಾದವರು ನಿಮ್ಮ ಅಳಿಯಂದಿರು. ಅವರ ತಾಯಿ, ಅವರ ಪಾಡು.